ನಾನು ಬರೆಯದೆ ಬಿಟ್ಟದ್ದು

ಹಾನಗಲ್ಲಿನಲ್ಲಿ ಪಶುಸಖಿಯರ ತರಬೇತಿ ನಡೆದಾಗ ನನ್ನ ಪಕ್ಕ ಕುಳಿತವಳು ಶಿಗ್ಗಾಂವಿ ಕಡೆಯವಳು. ನನಗಿಂತ ಚಿಕ್ಕವಳು, ಮೊದಲ ದಿನವೇ ಅಕ್ಕಾ ಎಂದಳು. ಹಳ್ಳಿಯ ದನ, ಕುರಿಗಳ ಸಣ್ಣಪುಟ್ಟ ಆರೈಕೆ ನಮ್ಮ ಕೆಲಸ. ತರಬೇತಿ ಕೆಲವೇ ದಿನ. ಅದು ಸಾಲದೆಂದು ಸವಣೂರಿನಿಂದ ಬಂದಿದ್ದ ಪಶುವೈದ್ಯರು ನಮ್ಮೆಲ್ಲರ ಮೊಬೈಲಿಗೆ, ಒಬ್ಬರು ಬರೆದದ್ದನ್ನು ಎಲ್ಲರೂ ಓದಬಹುದಾದ ಕಿರುಬರಹದ ಒಂದು ಆ್ಯಪ್ ಹಾಕಿಸಿದರು.

"ಕಲಿತದ್ದನ್ನ ದಿನಾ ಎರಡು ಸಾಲು ಬರೀರಿ. ತಪ್ಪು ಮಾಡಿದ್ರ ಅದನ್ನೂ ಬರೀರಿ, ಮುಚ್ಚಿಡಬ್ಯಾಡ್ರಿ," ಎಂದರು.

ನಾನು ಬರೆದೆ. ಕೆಚ್ಚಲು ಬಾತರೆ ಏನು ಮಾಡಬೇಕು, ಹೊಟ್ಟೆಯುಬ್ಬಿದ ಆಡಿಗೆ ಏನು ಕುಡಿಸಬೇಕು. ಮೆಚ್ಚುಗೆ ಬಂತು. ಅಬಲೂರಿನಂಥ ಬೇರೆ ಊರಿಗೆ ಹೋದರೂ ಗುರುತು ಹಿಡಿಯುವವರಿದ್ದರು.

ಒಂದು ಬೆಳಿಗ್ಗೆ ನಮ್ಮೂರಿನ ಆಕಳೊಂದು ಮೇವು ಮುಟ್ಟದೆ ಜೊಲ್ಲು ಸುರಿಸುತ್ತಾ ನಿಂತಿತ್ತು. ಗಂಟಲಲ್ಲಿ ಗೋವಿನಜೋಳದ ತೆನೆ ಸಿಕ್ಕಿರಬೇಕೆಂದು ಬರಿಗೈ ಹಾಕಿ ತಡಕಾಡಿದೆ. ಏನೂ ಸಿಗಲಿಲ್ಲ, ಹಲ್ಲು ತಾಗಿ ಕೈ ತರಚಿತು. ಮಧ್ಯಾಹ್ನ ಬಂದ ತಾಲೂಕಿನ ಡಾಕ್ಟರು ನೋಡಿದವರೇ ಹಿಂದೆ ಸರಿದರು. ಹುಚ್ಚುನಾಯಿ ಕಚ್ಚಿದ ಆಕಳು ಅದು, ಜೊಲ್ಲು ಗಾಯಕ್ಕೆ ತಾಗಿದರೆ ಆ ರೋಗ ನಮಗೂ ಹತ್ತುತ್ತದೆ ಎಂದರು. ಆಗಿಂದಾಗಲೇ ಹಿರೇಕೆರೂರಿಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಂಡೆ.

ಇದನ್ನು ಬರೆಯಲು ಕುಳಿತೆ. ಬರೆದು ಅಳಿಸಿದೆ. ಇಷ್ಟೂ ತಿಳಿಯದವಳೆಂದು ಮಂದಿ ನಕ್ಕಾರೆಂಬ ನಾಚಿಕೆ. ಬದಲಿಗೆ ಕೋಳಿಮರಿಗಳ ಲಸಿಕೆಯ ಫೋಟೊ ಹಾಕಿದೆ.

ಮೂರು ತಿಂಗಳ ನಂತರ ಶಿಗ್ಗಾಂವಿಯ ಗೆಳತಿ ತೀರಿಕೊಂಡ ಸುದ್ದಿ ಬಂತು. ಬಸ್ಸು ಹಿಡಿದು ಹೋದೆ. ಅವಳ ಗಂಡ ಕಟ್ಟೆಯ ಮೇಲೆ ಕುಳಿತಿದ್ದ.

"ಎಮ್ಮಿ ಜೊಲ್ಲು ಸುರಸಾಕತ್ತಿತ್ರಿ. ಗಂಟಲದಾಗ ಏನೋ ಸಿಕ್ಕೇತಿ ಅಂತ ಕೈ ಹಾಕಿದ್ಲು. ತರಚಿದ್ದಕ್ಕ ಅರಿಷಿಣ ಹಚ್ಚಿ ಸುಮ್ನಾದ್ಲು. ತಿಂಗಳೊಪ್ಪತ್ತಿಗೆ ನೀರು ಕಂಡ್ರ ಅಂಜಾಕತ್ಲು," ಎಂದ. ಮುಖ ಒರೆಸಿಕೊಂಡು ಮತ್ತೆ ಹೇಳಿದ: "ನೀವು ಬರದದ್ದು ದಿನಾ ಓದ್ತಿದ್ಲರಿ. ನನಗೂ ಓದಿ ಹೇಳ್ತಿದ್ಲು."

"ಅಣ್ಣಾ, ನನಗೂ ಹಿಂಗ ಆಗಿತ್ತು. ನಾಚಿಕಿ ಬಂದು ಬರೀಲಿಲ್ಲ," ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಈಗರ ಬರೀರಿ," ಎಂದು ಎದ್ದು ಒಳಗೆ ಹೋದ.

ಹಿಂದಿರುಗುವಾಗ ಬಸ್ಸಿನಲ್ಲೇ ಎಲ್ಲ ಬರೆದೆ, ಅವಳ ಸಾವನ್ನೂ. ಹಾವೇರಿ ತಲುಪುವಷ್ಟರಲ್ಲಿ ಅಪರಿಚಿತ ಪಶುಸಖಿಯೊಬ್ಬಳು ಅದರ ಕೆಳಗೆ ಬರೆದು ಕೇಳಿದ್ದಳು: "ಅಕ್ಕಾ, ನಾನು ನಿನ್ನೆ ಹಿಂಗ ಕೈ ಹಾಕೇನಿ. ಏನ್ ಮಾಡ್ಲಿ?" ಅವಳ ನಂಬರು ಕೇಳಿ ಪಡೆದು ಫೋನು ಮಾಡಿದೆ. "ಸೋಪು ಹಚ್ಚಿ ಕೈ ತೊಳ್ಕೊ. ಈಗಿಂದೀಗ ದವಾಖಾನಿಗೆ ಹೋಗವ್ವಾ," ಎನ್ನುವಾಗ ಅಳು ತಡೆಯಲಾಗಲಿಲ್ಲ.

ಅವಳು ಉಳಿದಳು. ಆ ಬರಹದ ಕೆಳಗೆ ಈಗಲೂ ಜನ ನನ್ನ ಧೈರ್ಯವನ್ನು ಹೊಗಳುತ್ತಾರೆ. ನಾನು ಯಾರಿಗೂ ಉತ್ತರ ಬರೆಯುವುದಿಲ್ಲ.