ಚಂಚಲಾ ಸಾಯುವ ಸೀನಿಗೆ ಬಿದ್ದ ಹಾರ

ಆಗ ನನಗೆ ಐವತ್ತೊಂಬತ್ತು. ಏಳು ವರ್ಷದ ಹಿಂದಿನ ಮಾತು. ನಾನು ಬಾಡಿಗೆ ಪಾತ್ರಧಾರಿ. ಮೈಸೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಗಂಡಸರು ಸೇರಿ ನಾಟಕ ಕಟ್ಟುತ್ತಾರೆ. ತಮ್ಮ ಮನೆ ಹೆಂಗಸರನ್ನು ಸ್ಟೇಜು ಹತ್ತಿಸುವುದಿಲ್ಲ, ಹೆಣ್ಣಿಲ್ಲದೆ ನಾಟಕ ಆಗುವುದೂ ಇಲ್ಲ. ಅದಕ್ಕೆ ನಮ್ಮಂಥವರನ್ನು ಕರೆಸುತ್ತಾರೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಯಾರಾದರೂ ಓದಿ ಹೇಳಿದರೆ ಪಾತ್ರ ಬಾಯಿಗೆ ಬರುತ್ತದೆ.

ನಾನು ಆಡಿದ ಹೆಂಗಸರಲ್ಲಿ ಎರಡೇ ಜಾತಿ. ಒಬ್ಬಳು ಗಂಡ ಏನು ಮಾಡಿದರೂ ಸಹಿಸಿಕೊಂಡು ಕೊನೆಗೆ ಗೆಲ್ಲುತ್ತಾಳೆ. ಇನ್ನೊಬ್ಬಳು ಹೊಸ್ತಿಲು ದಾಟಿ, ಕೆಟ್ಟು, ಕೊನೆಗೆ ಸಾಯುತ್ತಾಳೆ. ಎರಡನೆಯವಳಿಗೆ ಸೀರೆ ಚೆನ್ನಾಗಿರುತ್ತದೆ. ಅಷ್ಟೇ ವ್ಯತ್ಯಾಸ.

ಆ ವರ್ಷ ರಾಜ್ಯೋತ್ಸವಕ್ಕೆ ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯವರು ನನ್ನನ್ನು ಕರೆಸಿದರು. ನಾಟಕ ಬರೆದವನು ಅಲ್ಲಿಯ ಸ್ಟೋರ್ಸಿನ ಗುಮಾಸ್ತ ಶಿವಣ್ಣ. ಚಂಚಲಾ ಎಂಬ ಹೆಂಡತಿ ದೇವರಂಥ ಗಂಡನನ್ನು ಬಿಟ್ಟು ಹೋಗುತ್ತಾಳೆ, ರೋಗ ಹತ್ತಿಸಿಕೊಂಡು ವಾಪಸ್ ಬರುತ್ತಾಳೆ, ಅವನ ಕಾಲು ಹಿಡಿದು ಪ್ರಾಣ ಬಿಡುತ್ತಾಳೆ. ಚಂಚಲಾಗೆ ಮೂವತ್ತು ವರ್ಷ. ಬಣ್ಣ ದಪ್ಪ ಹಚ್ಚಿ ಲೈಟು ಕಡಿಮೆ ಮಾಡಿದರೆ ನನಗೂ ಮೂವತ್ತೇ. ಗಂಡನ ಪಾತ್ರ ಫಿಟ್ಟರ್ ಲೋಕೇಶನದು. ನನ್ನ ಮಗನ ವಯಸ್ಸಿನವನು.

ತಾಲೀಮು ಕ್ಯಾಂಟೀನಿನ ಹಿಂದಿನ ಶೆಡ್ಡಿನಲ್ಲಿ, ಸಂಜೆ ಶಿಫ್ಟು ಬಿಟ್ಟ ಮೇಲೆ. ಟೀ ತರುತ್ತಿದ್ದವಳು ಕ್ಯಾಂಟೀನಿನ ಮಂಜುಳಾ. ಅವಳು ಬಂದ ಕೂಡಲೇ ಒಬ್ಬ, "ಚಂಚಲಾ, ನಂಗೆ ಸಕ್ಕರೆ ಜಾಸ್ತಿ ಕಣಮ್ಮ" ಎನ್ನುವನು. ಇನ್ನೊಬ್ಬ, "ಹುಷಾರು ಕಣೋ, ಲೋಟ ಬುಟ್ಟು ಓಡೋದಾಳು" ಎನ್ನುವನು. ಎಲ್ಲರೂ ನಗುವರು. ಚಂಚಲಾ ನಾನಾಗಿದ್ದೆ, ನಗು ಮಾತ್ರ ಅವಳ ಮೇಲೆ ಬೀಳುತ್ತಿತ್ತು.

ಮೂರನೆಯ ಸಂಜೆ ಲೋಟ ತೊಳೆಯುವ ಜಾಗದಲ್ಲಿ, ನಿನ್ನನ್ಯಾಕೆ ಚಂಚಲಾ ಅಂತಾರೆ ಎಂದು ಅವಳನ್ನು ಕೇಳಿದೆ.

"ಅದು ನಾನೇ ಕಣಕ್ಕ" ಎಂದಳು. "ನನ್ ಗಂಡ ಇಲ್ಲೇ ಪ್ರೆಸ್ ಸೆಕ್ಷನ್ನು. ಶಿವಣ್ಣ ಅವನ ದೋಸ್ತು. ಕುಡ್ಕೊಂಡು ಬಂದು ಒದೀತಿದ್ದ. ಮಗಳನ್ನ ಕರ್ಕೊಂಡು ಬಂದ್ಬುಟ್ಟೆ. ರೂಮ್ ಮಾಡ್ಕೊಂಡಿದೀನಿ. ಅದನ್ನೇ ಇವ್ರು ನಾಟಕ ಬರ್ಕೊಂಡವ್ರೆ."

"ಬರ್ಕೊಳ್ಳಲಿ ಬುಡು. ನಿಂಗೇನಂತೆ?"

"ನಂಗೇನಂತೆ ಅಂದ್ರೆ? ಈಗ ಹತ್ತು ಜನ ಚಂಚಲಾ ಅಂತಾರೆ. ನಾಟಕ ಆದ್ಮೇಲೆ ಕಾರ್ಖಾನೆಯೆಲ್ಲ ಅಂತಾರೆ. ಕ್ಯಾಂಟೀನ್ ಕಂಟ್ರಾಕ್ಟರ್ ಆಗ್ಲೇ ಹೇಳವ್ನೆ, ನಿನ್ನಿಂದ ಗಲಾಟೆ ಆಗೋದಾದ್ರೆ ಬೇರೆ ಕಡೆ ನೋಡ್ಕೊ ಅಂತ. ಮಗಳು ಇಲ್ಲೇ ಹೈಸ್ಕೂಲು. ನಾನೆಲ್ಲಿಗ್ ಹೋಗ್ಲಿ?" ಲೋಟ ಕವುಚಿ ಹಾಕಿದಳು. "ಅಕ್ಕ, ಕೊನೇಲಿ ಕಾಲಿಗ್ ಬೀಳೋದೊಂದು ಬುಟ್ಬುಡಿ. ಸಾಯೋದೊಂದು ಬುಟ್ಬುಡಿ."

ಆಗುವುದಿಲ್ಲ ಎಂದೆ. ಬಾಡಿಗೆ ಪಾತ್ರಧಾರಿ ಸ್ಟೇಜಿನ ಮೇಲೆ ಮಾತು ತಿರುಗಿಸಿದಳು ಎಂಬ ಸುದ್ದಿ ಒಂದು ಸಲ ಹುಟ್ಟಿದರೆ ಮತ್ತೆ ಯಾರೂ ಕರೆಯುವುದಿಲ್ಲ. ನನಗೂ ಹೊಟ್ಟೆ ಇದೆ. ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆ.

"ಡೈಲಾಗ್ ನಾನು ಬುಡಲ್ಲ" ಎಂದೆ. "ಆದ್ರೆ ಹಾರ ತಂದವರನ್ನ ಯಾರೂ ತಡೆಯಲ್ಲ."

ಅದು ನಮ್ಮ ಕಡೆಯ ಪದ್ಧತಿ. ಪಾತ್ರ ಮೆಚ್ಚಿದವರು ಆಟದ ಮಧ್ಯೆಯೇ ಸ್ಟೇಜಿಗೆ ಬಂದು ಹಾರ ಹಾಕಬಹುದು. ಯುದ್ಧ ನಡೆಯುತ್ತಿದ್ದರೂ ನಿಲ್ಲುತ್ತದೆ, ಹೆಣ ಬಿದ್ದಿದ್ದರೂ ಎದ್ದು ಕೊರಳು ಕೊಡುತ್ತದೆ. ಹಾರ ತಂದವರ ಹೆಸರನ್ನು ಮೈಕಿನಲ್ಲಿ ಕೂಗಿ, ಎರಡು ಮಾತಾಡಿ ಎಂದು ಮೈಕನ್ನು ಅವರ ಕೈಗೇ ಕೊಡುತ್ತಾರೆ. ಆಮೇಲೆ ನಿಂತ ಕಡೆಯಿಂದ ಆಟ ಮುಂದುವರಿಯುತ್ತದೆ. ಹಾರ ಬೇಡ ಎಂದವರನ್ನು ನಾನು ಕಂಡಿಲ್ಲ.

ಮಂಜುಳಾ ಲೋಟಗಳನ್ನು ಎತ್ತಿಕೊಂಡು ಹೋದಳು.

ನಾಟಕದ ದಿನ ಕಾರ್ಖಾನೆಯ ಮೈದಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಆಫೀಸರುಗಳು, ಅವರ ಹಿಂದೆ ಗಂಡಸರು, ಕೊನೆಯಲ್ಲಿ ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರು. ಮಂಜುಳಾಳ ಗಂಡ ಎರಡನೇ ಸಾಲಿನಲ್ಲಿ ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದ. ಲೋಕೇಶನಿಗೆ ಏಳು ಹಾರ ಬಿದ್ದವು. ಶಿವಣ್ಣ ಸೈಡಿನಲ್ಲಿ ಮೈಕು ಹಿಡಿದು, "ಇನ್ನೂ ಅಭಿಮಾನಿಗಳಿದ್ದರೆ ಬರಬಹುದು" ಎಂದು ತಾನೇ ಕರೆಯುತ್ತಿದ್ದ.

ಕೊನೆಯ ಸೀನು ಬಂತು. ನಾನು ಕೆಮ್ಮುತ್ತ ತೆವಳಿಕೊಂಡು ಬಂದು ಲೋಕೇಶನ ಕಾಲು ಹಿಡಿದೆ. "ನಾಥ, ಈ ಪಾಪಿಯನ್ನು..." ಎನ್ನುವಷ್ಟರಲ್ಲಿ ಸೇವಂತಿಗೆ ಹಾರ ಹಿಡಿದು ಮಂಜುಳಾ ಮೆಟ್ಟಿಲು ಹತ್ತಿದಳು. ಶಿವಣ್ಣನ ಮುಖ ಅರಳಿತು. ತನ್ನ ನಾಟಕ ನೋಡಿ ಅವಳ ಮನಸ್ಸು ಕರಗಿತು, ಗಂಡನ ಎದುರಿಗೆ ತಪ್ಪೊಪ್ಪಿಕೊಳ್ಳಲು ಬಂದಿದ್ದಾಳೆ ಎಂದೇ ಅವನು ತಿಳಿದ. "ನಮ್ಮ ಕ್ಯಾಂಟೀನಿನ ಮಂಜುಳಾ ಅವರಿಂದ ಚಂಚಲಾ ಪಾತ್ರಕ್ಕೆ ಹಾರ" ಎಂದು ಕೂಗಿ ಮೈಕು ಕೊಟ್ಟೇಬಿಟ್ಟ.

ನಾನು ಎದ್ದು ಕೊರಳು ಕೊಟ್ಟೆ. ಅವಳು ಹಾರ ಹಾಕಿ ಜನರ ಕಡೆ ತಿರುಗಿದಳು.

"ನಾನು ಮಂಜುಳಾ. ಈ ಕತೆ ನಂದು ಅಂತ ನೀವೇ ಹೇಳ್ತಾ ಇದ್ದೀರಿ. ಅರ್ಧ ನಂದೇ. ಮನೆ ಬಿಟ್ಟಿದ್ದು ನಿಜ. ಒದೆ ತಿಂದಿದ್ದು ಇದ್ರಲ್ಲಿ ಇಲ್ಲ, ಶಿವಣ್ಣೋರಿಗೆ ಮರ್ತೋಗಿರ್ಬೇಕು. ನಾನು ವಾಪಸ್ ಬಂದಿಲ್ಲ, ಯಾರ ಕಾಲಿಗೂ ಬಿದ್ದಿಲ್ಲ, ಸತ್ತೂ ಇಲ್ಲ. ನಾಳೆ ಏಳು ಗಂಟೆಗೆ ಉಪ್ಪಿಟ್ಟು. ಮಂಜುಳಾ ಅಂತ ಕರೆದವರ ತಟ್ಟೆಗೆ ಹಾಕ್ತೀನಿ. ಚಂಚಲಾ ಬೇಕು ಅನ್ನೋರು ಈ ಸ್ಟೇಜಿಗೇ ಬಂದು ಕೇಳ್ಕೊಳ್ಳಿ."

ಮೈಕನ್ನು ಶಿವಣ್ಣನ ಕೈಗೆ ಕೊಟ್ಟು ಇಳಿದು ಹೋದಳು. ಆಮೇಲೆ ಕೊನೆಯ ಸಾಲುಗಳಲ್ಲಿ ಚಪ್ಪಾಳೆ ಶುರುವಾಯಿತು. ಎರಡನೇ ಸಾಲಿನ ಇಸ್ತ್ರಿ ಶರ್ಟು ಎದ್ದು ಹೊರಗೆ ಹೋಯಿತು.

"ಗೌರಮ್ಮೋರೆ, ಕಾಲ್ ಹಿಡ್ಕೊಳ್ಳಿ" ಎಂದು ಲೋಕೇಶ ಪಿಸುಗುಟ್ಟಿದ. ಹಿಡಿದೆ. ಒಂದಕ್ಷರ ಬಿಡದೆ ಹೇಳಿ ಸತ್ತೆ. ಹಿಂದಿನಿಂದ ಯಾವಳೋ ಕೂಗಿದಳು: "ಏಳವ್ವೋ, ಬೆಳಿಗ್ಗೆ ಉಪ್ಪಿಟ್ಟದೆ." ಮೈದಾನವೇ ನಕ್ಕಿತು. ಹೆಣಕ್ಕೆ ನಗು ಬರಬಾರದು. ನಾನು ಸೆರಗು ಕಚ್ಚಿಕೊಂಡು ಮಲಗಿದ್ದೆ. ಲೋಕೇಶ ಅಳುವ ಡೈಲಾಗನ್ನು ನುಂಗಿ ಪರದೆ ಎಳೆಯಲು ಕೈ ಮಾಡಿದ.

ಬಣ್ಣ ಒರೆಸಿಕೊಳ್ಳುವಾಗ ಶಿವಣ್ಣ ಬಂದ. "ನೀವೇ ಹೇಳ್ಕೊಟ್ರಂತೆ?"

"ನಿಮ್ ಡೈಲಾಗ್ ಏನಾದ್ರೂ ಬುಟ್ನಾ?"

"ಇಲ್ಲ."

"ಮೈಕ್ ಯಾರು ಕೊಟ್ಟಿದ್ದು?"

ಅವನು ಮೈಕಿನ ವೈರು ಸುತ್ತಿಕೊಳ್ಳುತ್ತ ಹೊರಗೆ ಹೋದ.

ಮಂಜುಳಾಳ ಕೆಲಸ ಹೋಗಲಿಲ್ಲ. ಗಲಾಟೆಯಾದರೆ ಎಂದಿದ್ದ ಕಂಟ್ರಾಕ್ಟರಿಗೆ ಗಲಾಟೆ ಮಾಡುವವರೇ ಸಿಗಲಿಲ್ಲ. ಗಂಡ ಎರಡು ದಿನ ಕ್ಯಾಂಟೀನಿಗೆ ಬರಲಿಲ್ಲವಂತೆ, ಮೂರನೇ ದಿನ ಹಸಿವಾಯಿತಂತೆ. ಚಂಚಲಾ ಎನ್ನುವವರು ಒಂದಿಬ್ಬರು ಉಳಿದಿದ್ದಾರೆ. ಅಂಥವರು ಎಲ್ಲ ಕಡೆ ಉಳಿಯುತ್ತಾರೆ.

ಬರೆದವನು ಯಾರನ್ನು ನೋಡಿ ಬರೆದ ಎಂದು ಅಲ್ಲಿಯವರೆಗೆ ನಾನು ಕೇಳಿದವಳಲ್ಲ. ಪಾತ್ರ ಸಾಯುತ್ತದೆ, ನಾನು ಎದ್ದು ಬಸ್ಸು ಹಿಡಿಯುತ್ತೇನೆ. ಆ ಹೆಸರನ್ನು ಹೊತ್ತುಕೊಂಡು ಮರುದಿನ ಕೆಲಸಕ್ಕೆ ಹೋಗುವವಳು ಇನ್ನೊಬ್ಬಳಿರುತ್ತಾಳೆ. ಈ ಕಸುಬು ನನಗೆ ಕಲಿಸಿದ್ದು ಅಷ್ಟು.

ಆ ನಾಟಕದ ಮರುದಿನ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ವರುಣ ಹಳ್ಳಿಯ ಕಡೆಯ ಇಬ್ಬರು ಗಂಡಸರು ಕೃಷ್ಣಮೂರ್ತಿಪುರಂನ ನನ್ನ ಮನೆ ಹುಡುಕಿಕೊಂಡು ಬಂದರು. "ಭಾರಿ ಪಾತ್ರ ಗೌರಮ್ಮೋರೆ, ನೀವೇ ಮಾಡ್ಬೇಕು" ಎಂದು ನಾಟಕ ತೆರೆದು ಮೊದಲಿಂದ ಓದಲು ಶುರುಮಾಡಿದರು. ನಾನು ಬಾಯಿ ಮುಕ್ಕಳಿಸಿ ಬಂದು ಕೂತೆ. ಮೊದಲನೇದು ಬೇಡ, ಕೊನೇ ಸೀನು ಓದಿ ಎಂದೆ.