ಇಬ್ಬರಿಗೆ ಮಾರಿದ ಕೆಂಪು ವೃತ್ತ

ನನ್ನ ಒಂದು ಸುಳ್ಳಿಗೆ ರೇಣುಕಾಳ ಕೆಲಸ ಹೋಯಿತು, ಮಾನ್ವಿಯಲ್ಲಿ ಹೆಸರೂ ಕೆಟ್ಟಿತು. ಒಂದು ಗಿರಾಕಿ ಕೈತಪ್ಪಬಾರದೆಂದು ಹೇಳಿದ ಸುಳ್ಳು — ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಆರು ವರ್ಷ ಬಾಯಿ ಬಿಟ್ಟಿರಲಿಲ್ಲ.

ರೇಣುಕಾ ಜಾಲಹಳ್ಳಿಯವಳು. ಚಿತ್ರಕಲೆ ಓದಿ, ರಾಯಚೂರಿನ ನನ್ನ ಪೋಸ್ಟರ್ ಅಂಗಡಿಗೆ ಡಿಸೈನ್ ಮಾಡಲು ಬಂದಿದ್ದಳು. ಮಾನ್ವಿಯ ಒಂದು ಯುವಕ ಸಂಘದವರು ಹಲಗಿ ಬಾರಿಸುವ ಸ್ಪರ್ಧೆಗೆ ಪೋಸ್ಟರ್ ಕೇಳಿದರು. ನಮ್ಮ ಕಡೆ ಪೋಸ್ಟರ್ ಅಂದರೆ ಮುಖಗಳು: ಅಧ್ಯಕ್ಷರದು ದೊಡ್ಡದು, ಕಾರ್ಯದರ್ಶಿಯದು ಒಂದು ಬೆರಳು ಸಣ್ಣದು, ಉಳಿದವರು ಕೆಳಗೆ ಸಾಲಾಗಿ. ರೇಣುಕಾ ಒಂದು ಮುಖವನ್ನೂ ಹಾಕಲಿಲ್ಲ. ಕಪ್ಪು ನೆಲ, ನಟ್ಟನಡುವೆ ದೊಡ್ಡ ಕೆಂಪು ವೃತ್ತ, ಪಕ್ಕದಲ್ಲಿ ಸಣ್ಣದೊಂದು ಹಳದಿ, ಸುತ್ತ ಸಿಡಿದ ಬಿಳಿ ತ್ರಿಕೋನಗಳು. "ಹಲಗಿ ಸಪ್ಪಳ ಕಣ್ಣಿಗೆ ಕಾಣ್ಬೇಕ್ರಿ ಅಣ್ಣಾರ, ಅಷ್ಟ," ಅಂದಳು. ನೋಡಿದ ಕೂಡಲೇ ನನಗೆ ಗೊತ್ತಾಯಿತು — ಇದು ಗೋಡೆ ಮೇಲೆ ನಿಲ್ಲುವ ಮಾಲು.

ಅಧ್ಯಕ್ಷರು ಬಂದು ಕೇಳಿದರು, "ಇದರಾಗ ನಾ ಎಲ್ಲಿ ಅದೀನಿ?"

ಸುಮ್ಮನಿರಬಹುದಿತ್ತು. ಅವಳನ್ನು ಕರೆಯಬಹುದಿತ್ತು. "ನಡುವ ಕೆಂಪಂದು ಅದಲ್ರಿ, ಅದ ನೀವು," ಅಂದೆ.

"ಮತ್ತ ಆ ಸಣ್ಣ ಹಳದಿದು?"

"ಕಾರ್ಯದರ್ಶಿಗಳ್ರಿ."

"ಬರೋಬ್ಬರಿ ಅದ ಬಿಡು," ಎಂದು ನಕ್ಕು ಹೋದರು. ಸಂಜೆ ಕಾರ್ಯದರ್ಶಿ ಬಂದರು. ಅವರಿಗೂ ಅದೇ ಕೆಂಪು ವೃತ್ತ ಕೊಟ್ಟೆ. ಹಳದಿಯನ್ನು ಅಧ್ಯಕ್ಷರಿಗೆ ದಾಟಿಸಿದೆ. ಒಂದೇ ಮಾಲು, ಇಬ್ಬರಿಗೆ ಮಾರಾಟ. ಅವತ್ತು ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ಪೋಸ್ಟರ್ ಮಾನ್ವಿಯ ಗೋಡೆಗೆ ಹತ್ತಿದ ಮೇಲೆ ಇಬ್ಬರೂ ಅದರ ಮುಂದೆ ನಿಂತು, ಕೆಂಪು ವೃತ್ತ ತಾನೇ ಎಂದು ತಮ್ಮ ತಮ್ಮವರಿಗೆ ತೋರಿಸಿದ್ದಾರೆ. ಅಲ್ಲಿಯೇ ಜಗಳ. ಮರುದಿನ ಸಂಘದ ಹತ್ತು ಜನ ನನ್ನ ಅಂಗಡಿಗೆ ಬಂದರು. "ನಮ್ಮನ್ನ ಆಟ ಆಡ್ಸಾಕತ್ತೀಯೇನು?" ಅಂದರು ಅಧ್ಯಕ್ಷರು. ನಾನು ರೇಣುಕಾಳ ಕಡೆ ಕೈ ತೋರಿಸಿದೆ. "ಮಾಡಿದಾಕಿ ಆಕಿರಿ. ಆಕಿ ಹೇಳಿದ್ದ ನಾ ಹೇಳೀನಿ."

ಅವಳು ಎದ್ದು ನಿಂತಳು. "ಅಣ್ಣಾರ, ನಾ ಹಂಗ ಅಂದೀನೇನ್ರಿ?"

"ಹ್ಞೂಂ, ಅಂದಿದ್ದಿ."

ಕಂಪ್ಯೂಟರ್ ಆರಿಸಿ ಚೀಲ ತೆಗೆದುಕೊಂಡು ಹೋದಳು. ಮಾನ್ವಿಯಲ್ಲಿ ಸ್ವಂತ ಅಂಗಡಿ ಹಾಕಬೇಕೆಂದಿದ್ದವಳು — ದೊಡ್ಡವರನ್ನು ಹಂಗಿಸುವ ಹುಡುಗಿ ಎಂಬ ಮಾತು ಅವಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಯಾರೂ ಕೆಲಸ ಕೊಡಲಿಲ್ಲ. ಆ ಸಂಘ ಮಾತ್ರ ಇಂದಿಗೂ ನನ್ನ ಗಿರಾಕಿ.

ಹೋದ ತಿಂಗಳು ದೇವದುರ್ಗಕ್ಕೆ ಹೋಗಿದ್ದೆ. ರೇಣುಕಾ ಈಗ ಅಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ. ಕೂರಿಸಿ ನೀರು ಕೊಟ್ಟಳು. ತಪ್ಪಾಯಿತು ತಂಗಿ, ಅಂದೆ. ಖಾಲಿ ಲೋಟ ಎತ್ತಿಕೊಂಡಳು. ಆಮೇಲೆ ಅಂದಳು —

"ಅವತ್ತು ಹತ್ತು ಮಂದಿ ಮುಂದ ಅಂದ್ರಿ. ಇವತ್ತು ಒಬ್ಬರ ಬಂದೀರಿ."

ಮುಂದಿನ ಭಾನುವಾರ ಸಂಘದ ಸಭೆ ಇದೆ. ಮಾತಾಡಲು ಐದು ನಿಮಿಷ ಕೇಳಿಕೊಂಡಿದ್ದೇನೆ. ಗಿರಾಕಿ ಹೋಗಬಹುದು, ಹೋಗಲಿ.

ನೀವೂ ಇಂಥ ಅಂಗಡಿ ಇಟ್ಟಿದ್ದರೆ ಒಂದು ಮಾತು ಕೇಳಿ. ಬಣ್ಣದ ಅರ್ಥ ಯಾರಾದರೂ ಕೇಳಿದರೆ, ಮಾಡಿದವರನ್ನೇ ಕರೆದು ಅವರ ಬಾಯಿಂದ ಹೇಳಿಸಿ. ನಿಮ್ಮಿಂದ ತಪ್ಪಾದರೆ ಎಷ್ಟು ಜನರ ಮುಂದೆ ಆಯಿತೋ ಅಷ್ಟೂ ಜನರನ್ನು ಕೂರಿಸಿ ಒಪ್ಪಿಕೊಳ್ಳಿ. ಅದೇ ವಾರ ಮಾಡಿ. ಆರು ವರ್ಷದ ಮೇಲೆ ಆ ಹತ್ತರಲ್ಲಿ ನನಗೆ ಸಿಗುವವರು ಏಳೇ ಜನ.