ಸೊಸೆ ಒಡೆಸಿದ ಅಡುಗೆಕಟ್ಟೆ

ನನ್ನ ಸೊಸೆ ನನ್ನ ಮೇಲಿನ ಸಿಟ್ಟಿಗೇ ಅಡುಗೆಮನೆಯ ಕಟ್ಟೆ ಒಡೆಸಿದಳು. ಮುನವಳ್ಳಿಯ ನಮ್ಮ ಓಣಿಯವರು ಅದನ್ನು ಪ್ರೀತಿ ಅನ್ನುತ್ತಾರೆ, ಅನ್ನಲಿ.

ಮಧ್ಯಾಹ್ನ ಸುತ್ತಿಗೆ ಸಪ್ಪಳಕ್ಕೆ ಎಚ್ಚರಾಗಿ ಗಾಲಿಕುರ್ಚಿ ತಳ್ಳಿಕೊಂಡು ಹೋದೆ. ಗೌಂಡಿ ಅರ್ಧ ಕಟ್ಟೆ ಕೆಡವಿದ್ದ. ಸೊಸೆ ರೇಣುಕಾ ಸೆರಗು ಸಿಕ್ಕಿಸಿಕೊಂಡು ಇಟ್ಟಂಗಿ ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು.

“ಗಟ್ಟಿಮುಟ್ಟ ಕಟ್ಟಿ ಒಡಸಾಕ ಹತ್ತೀಯಲ್ಲ, ತಲಿ ಕೆಟ್ಟೈತೇನ ನಿನಗ?” ಎಂದೆ.

“ಹೂನ್ರಿ ಅತ್ತಿ, ಕೆಟ್ಟೈತಿ. ನಿಮ್ಮ ಕಾಲ ತಗದಾಗಿಂದ ದಿನಾ ನನ್ನ ರೊಟ್ಟಿಗೆ ಹೆಸರಿಡತೀರಿ. ದಪ್ಪ ಅಂತೀರಿ, ಹಸಿ ಅಂತೀರಿ. ಇನ್ನ ನೀವ ಬಡೀರಿ.”

ಸಕ್ಕರೆ ಕಾಯಿಲೆಗೆ ಒಂದು ಕಾಲು ಹೋದ ಮೇಲೆ ನೆಲದ ಮೇಲೆ ಕೂರಲೂ ಆಗದೆ, ಕಟ್ಟೆಯ ಮುಂದೆ ನಿಲ್ಲಲೂ ಆಗದೆ, ಮಾಡಿಟ್ಟದ್ದನ್ನು ಉಣ್ಣುವವಳಾಗಿದ್ದೆ. ರೊಟ್ಟಿ ಬಡಿಯಲು ಕೈ ಮೇಲಿನಿಂದ ಬೀಳಬೇಕು, ಕುರ್ಚಿಯಲ್ಲಿ ಕೂತರೆ ಕಟ್ಟೆ ನನ್ನ ಎದೆಮಟ್ಟಕ್ಕೆ ಬರುತ್ತಿತ್ತು. ಹಿಂದಿನ ವಾರ ಅವಳು ನನ್ನ ಕುರ್ಚಿಯ ಮುಂದೆ ಹಲಗೆ ಏರಿಸಿ ಇಳಿಸಿ, ಅದರ ಮೇಲೆ ಶೇಂಗಾ ಆರಿಸಲು ಹೇಳಿದ್ದು ನನಗೆ ಒಗ್ಗುವ ಎತ್ತರ ಅಳೆಯಲೆಂದು ಆಗ ತಿಳಿಯಿತು. ಸಂಜೆಯೊಳಗೆ ಕಟ್ಟೆಯ ಕಲ್ಲು ತಗ್ಗಾದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕುಳಿತಿತು, ಪಕ್ಕಕ್ಕೆ ಗ್ಯಾಸಿನ ಒಲೆಯೂ ಬಂತು. ಕಲ್ಲಿನ ಕೆಳಗೆ ಖಾಲಿ ಬಿಟ್ಟಿದ್ದರಿಂದ ನನ್ನ ಕುರ್ಚಿ ಸಲೀಸಾಗಿ ಒಳಗೆ ಹೋಯಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಜೋಳದ ಹಿಟ್ಟು ನಾದಿದೆ. ಮೊದಲ ರೊಟ್ಟಿ ಹರಿಯಿತು, ಅದನ್ನು ನಾನೇ ತಿಂದೆ. ಎರಡನೆಯದು ಹಂಚಿನ ಮೇಲೆ ಚೆನ್ನಾಗಿ ಉಬ್ಬಿತು. ಅದನ್ನು ರೇಣುಕಾಳ ತಾಟಿಗೆ ಹಾಕಿ, “ಈಗ ಹೆಸರಿಡು, ನೋಡೂಣು” ಎಂದೆ.